ಗೇರ್ ಚೆನ್ನಾಗಿದ್ದರೂ ಫೈರ್ ಮೇಜ್ ಡ್ಯಾಮೇಜ್ ಏಕೆ ಏರುತ್ತಿಲ್ಲ?

ಪ್ರಶ್ನೆ: ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್‌ನಲ್ಲಿ ನನ್ನದು 60ನೇ ಲೆವೆಲ್‌ನ ಫೈರ್ ಮೇಜ್ (ಬೆಂಕಿಯ ಮಂತ್ರಗಾರ), ಸ್ಪೆಲ್ ಪವರ್ (ಮಂತ್ರಗಳ ಬಲ ಹೆಚ್ಚಿಸುವ ಅಂಕ) ಸುಮಾರು 400. ರೇಡ್‌ನಲ್ಲಿ (ದೊಡ್ಡ ತಂಡ ಸೇರಿ ಬಲಿಷ್ಠ ಶತ್ರುಗಳಾದ ಬಾಸ್‌ಗಳನ್ನು ಎದುರಿಸುವಾಗ) ನನಗಿಂತ ಕಡಿಮೆ ಗೇರ್ (ಆಯುಧ, ಉಡುಪು) ಇರುವ ಮೇಜ್ ಡ್ಯಾಮೇಜ್ ಮೀಟರ್‌ನಲ್ಲಿ ಮೇಲಿರುತ್ತಾರೆ. ಶುರುವಿನಲ್ಲೇ ಕಂಬಶ್ಚನ್ ಒತ್ತಿ, ಐದು ಸ್ಕಾರ್ಚ್ ಹಾಕಿ, ಆಮೇಲೆ ಫೈರ್‌ಬಾಲ್ ಹೊಡೆಯುತ್ತೇನೆ. ಫೈರ್ ಬ್ಲಾಸ್ಟ್ ಸಿದ್ಧವಾದಾಗಲೆಲ್ಲ ಅದನ್ನೂ ಬಳಸುತ್ತೇನೆ. ಅರ್ಧದಲ್ಲೇ ಮಾನಾ (ಸ್ಪೆಲ್ ಹಾಕಲು ಬೇಕಾದ ಶಕ್ತಿ) ಖಾಲಿ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಮೊದಲು ಮೀಟರ್‌ನಲ್ಲಿ ಇಗ್ನೈಟ್ (ಬೆಂಕಿಯ ಸ್ಪೆಲ್ ಕ್ರಿಟ್ ಆದಾಗ, ಅಂದರೆ ಮಾಮೂಲಿಗಿಂತ ಜೋರಾಗಿ ತಗಲಿದಾಗ, ಹತ್ತುವ ಉರಿ) ಅನ್ನು ಬಿಟ್ಟು ಇಬ್ಬರ ಲೆಕ್ಕವನ್ನೂ ನೋಡಿ. ಕ್ಲಾಸಿಕ್‌ನಲ್ಲಿ ಒಂದು ಬಾಸ್ ಮೇಲೆ ಇರುವುದು ಒಂದೇ ಇಗ್ನೈಟ್. ಎಲ್ಲ ಮೇಜ್‌ಗಳ ಕ್ರಿಟ್‌ಗಳೂ ಅದಕ್ಕೇ ಸೇರುತ್ತವೆ, ಆದರೆ ಪೂರ್ತಿ ಡ್ಯಾಮೇಜ್ ಜಮೆಯಾಗುವುದು ಅದನ್ನು ಶುರು ಮಾಡಿದವರ ಹೆಸರಿಗೆ. ನಿಮ್ಮ ಜೊತೆಗಾರರು ಮೇಲಿರುವುದಕ್ಕೆ ಇದೊಂದೇ ಕಾರಣವಿರಬಹುದು. ಹಾಗಿದ್ದರೆ ಆ ಅಂತರದ ಬಗ್ಗೆ ಚಿಂತೆ ಬೇಡ, ನಿಮ್ಮ ಕ್ರಿಟ್‌ಗಳೂ ಅದರಲ್ಲಿವೆ.

ಇಗ್ನೈಟ್ ತೆಗೆದರೂ ಹಿಂದಿದ್ದೀರಾ? ಆಗ ಸ್ಪೆಲ್‌ಗಳ ನಡುವಿನ ಖಾಲಿ ಹೊತ್ತನ್ನು ಗಮನಿಸಿ. ಟ್ಯಾಲೆಂಟ್ (ಲೆವೆಲ್ ಏರಿದಂತೆ ಸಿಗುವ ಅಂಕಗಳಿಂದ ಆರಿಸುವ ಕೌಶಲ) ಪೂರ್ತಿ ಹಾಕಿದ ಫೈರ್‌ಬಾಲ್‌ಗೆ 3 ಸೆಕೆಂಡ್; 3 ನಿಮಿಷದಲ್ಲಿ 60 ಹೊಡೆತ. ಪ್ರತಿ ಸಲ 0.3 ಸೆಕೆಂಡ್ ತಡವಾದರೆ ಅದು 54ಕ್ಕೆ ಇಳಿಯುತ್ತದೆ. ಯಾವ ಟ್ರಿಂಕೆಟ್ಟೂ ಆ ಆರು ಹೊಡೆತಗಳನ್ನು ತುಂಬಿಕೊಡದು. ಕ್ಯಾಸ್ಟ್ ಬಾರ್ (ಸ್ಪೆಲ್ ಸಿದ್ಧವಾಗುವುದನ್ನು ತೋರಿಸುವ ಪಟ್ಟಿ) ಮುಗಿಯುವವರೆಗೆ ಕಾಯಬೇಡಿ. ಸ್ಪೆಲ್ ಕ್ಯೂ ಅವಧಿ ಸಾಮಾನ್ಯವಾಗಿ 400 ಮಿಲಿಸೆಕೆಂಡ್ ಇರುತ್ತದೆ; ಬಾರ್‌ನ ಆ ಕೊನೆಯ ತುಣುಕಿನಲ್ಲೇ ಮುಂದಿನ ಗುಂಡಿ ಒತ್ತಿದರೆ ಎರಡು ಸ್ಪೆಲ್‌ಗಳ ನಡುವೆ ಬಿರುಕೇ ಇರುವುದಿಲ್ಲ.

ಕಂಬಶ್ಚನ್ ಮಾತ್ರ ನೀವು ತಪ್ಪು ಜಾಗದಲ್ಲಿ ಬಳಸುತ್ತಿದ್ದೀರಿ. ಅದು ಪ್ರತಿ ಹೊಡೆತಕ್ಕೂ ಕ್ರಿಟ್ ಸಾಧ್ಯತೆಯನ್ನು 10% ಏರಿಸುತ್ತಾ ಹೋಗಿ, ಮೂರು ಕ್ರಿಟ್ ಆದ ಮೇಲೆ ಮುಗಿಯುತ್ತದೆ. ಆ ಮೂರೂ ಸ್ಕಾರ್ಚ್‌ಗೆ ಹೋದರೆ ನಷ್ಟ ಎರಡು ಪಟ್ಟು, ಏಕೆಂದರೆ ಇಗ್ನೈಟ್‌ಗೆ ಇರುವುದು ಐದೇ ಸ್ಟ್ಯಾಕ್ (ಒಂದರ ಮೇಲೊಂದು ಸೇರುವ ಪದರ). ಪ್ರತಿ ಕ್ರಿಟ್‌ನ 40% ಡ್ಯಾಮೇಜ್ 4 ಸೆಕೆಂಡ್‌ನಲ್ಲಿ ಎರಡು ಕಂತಾಗಿ ಬೀಳುತ್ತದೆ. 2000ದ ಫೈರ್‌ಬಾಲ್ ಕ್ರಿಟ್ ಪ್ರತಿ ಕಂತಿಗೆ 400 ಸೇರಿಸಿದರೆ, 750ರ ಸ್ಕಾರ್ಚ್ ಕ್ರಿಟ್ ಸೇರಿಸುವುದು 150 ಮಾತ್ರ. ಐದು ಸ್ಟ್ಯಾಕ್ ತುಂಬಿದ ಮೇಲೆ ಬರುವ ಕ್ರಿಟ್‌ಗಳು ಅವಧಿಯನ್ನು ಮುಂದುವರಿಸುತ್ತವೆಯೇ ಹೊರತು ಕಂತನ್ನು ದೊಡ್ಡದು ಮಾಡುವುದಿಲ್ಲ. ಸಣ್ಣ ಕ್ರಿಟ್‌ಗಳಿಂದ ತುಂಬಿದ ಇಗ್ನೈಟ್ ಹಾಗೇ ಉರಿಯುತ್ತಿದ್ದರೆ ಇಡೀ ರೇಡ್‌ನ ಫೈರ್‌ಬಾಲ್‌ಗಳು ಅದನ್ನೇ ಹೊತ್ತು ಸಾಗಬೇಕಾಗುತ್ತದೆ. ಹಾಗಾಗಿ ಐದು ಸ್ಕಾರ್ಚ್ ಮುಗಿದು, ಫೈರ್‌ಬಾಲ್ ಶುರುವಾಗುವಾಗ ಕಂಬಶ್ಚನ್ ಒತ್ತಿ.

ಸ್ಕಾರ್ಚ್ ಬಾಸ್ ಮೇಲೆ ಬಿಡುವ ಡಿಬಫ್ (ಶತ್ರುವನ್ನು ದುರ್ಬಲಗೊಳಿಸುವ ಪರಿಣಾಮ) 30 ಸೆಕೆಂಡ್ ಉಳಿಯುತ್ತದೆ; ಅದರಿಂದ ಬೆಂಕಿಯ ಡ್ಯಾಮೇಜ್ ಸ್ಟ್ಯಾಕ್‌ಗೆ 3%ರಂತೆ ಒಟ್ಟು 15% ಏರುತ್ತದೆ. ಅದನ್ನು ಉಳಿಸುವ ಹೊಣೆ ಒಬ್ಬರಿಗೇ ಇರಲಿ. ಆ ಒಬ್ಬರು ಹೊಸ ಫೈರ್‌ಬಾಲ್ ಶುರು ಮಾಡುವ ಮುಂಚೆ ಟೈಮರ್ ನೋಡಿ, 6 ಸೆಕೆಂಡ್‌ಗಿಂತ ಕಡಿಮೆ ಇದ್ದರೆ ಒಂದು ಸ್ಕಾರ್ಚ್ ಹಾಕಬೇಕು. ಅದು ಮಿಸ್ ಆದರೂ ಇನ್ನೊಂದಕ್ಕೆ ಸಮಯವಿರುತ್ತದೆ. ಕೈತಪ್ಪಿದರೆ ಮತ್ತೆ ಐದೂ ಹಾಕಬೇಕು, ಅಂದರೆ 7.5 ಸೆಕೆಂಡ್ ಹೋಯಿತು.

ಇನ್ನು ಫೈರ್ ಬ್ಲಾಸ್ಟ್. ಸೆಕೆಂಡ್‌ಗೆ ಎಷ್ಟು ಎಂದು ನೋಡಿದರೆ ಅದು ಕೆಟ್ಟದ್ದಲ್ಲ, ನಿಮ್ಮ ಗೇರ್‌ನಲ್ಲಿ ಫೈರ್‌ಬಾಲ್‌ಗಿಂತ ತುಸು ಮೇಲೇ ಇದೆ. ನಿಮ್ಮ ಮಾನಾ ತಿನ್ನುತ್ತಿರುವುದೂ ಅದೇ. 400 ಸ್ಪೆಲ್ ಪವರ್‌ನಲ್ಲಿ ಟ್ಯಾಲೆಂಟ್ ಬಿಟ್ಟು ಲೆಕ್ಕ ಹಾಕಿದರೆ, 12ನೇ ರ್‍ಯಾಂಕ್‌ನ ಫೈರ್‌ಬಾಲ್ 410 ಮಾನಾಕ್ಕೆ ಸುಮಾರು 1080 ಕೊಡುತ್ತದೆ. ಫೈರ್ ಬ್ಲಾಸ್ಟ್ 340 ಮಾನಾಕ್ಕೆ ಸುಮಾರು 640. ಓಡಬೇಕಾದಾಗ ಮತ್ತು ಬಾಸ್ ಸಾಯುವ ಹಂತದಲ್ಲಿ ಬಳಸಿ, ಸಾಕು. ಮಾನಾ ತುಂಬಿಕೊಡುವ ಮಾನಾ ರೂಬಿಯನ್ನು ಕೊನೆಗೆಂದು ಕೂಡಿಡಬೇಡಿ. 1200 ಮಾನಾ ಕಡಿಮೆಯಾದ ಕೂಡಲೇ ಬಳಸಿದರೆ 2 ನಿಮಿಷದ ಕೂಲ್‌ಡೌನ್ (ಮತ್ತೆ ಬಳಸುವ ಮುಂಚಿನ ಕಾಯುವಿಕೆ) ಬೇಗ ಶುರುವಾಗುತ್ತದೆ. ಪೋಷನ್‌ನ ಕೂಲ್‌ಡೌನ್ ಬೇರೆ.

ಹಿಟ್ (ಸ್ಪೆಲ್ ಗುರಿ ತಪ್ಪದಿರುವ ಸಾಧ್ಯತೆ) ಕೂಡ ಪರೀಕ್ಷಿಸಿಕೊಳ್ಳಿ. ರೇಡ್ ಬಾಸ್ ಮೇಲೆ 17% ಮಿಸ್ ಇರುತ್ತದೆ, ಅದರಲ್ಲಿ 1% ಏನು ಮಾಡಿದರೂ ಹೋಗದು. ಎಲಿಮೆಂಟಲ್ ಪ್ರಿಸಿಶನ್ ಟ್ಯಾಲೆಂಟ್ 6% ಕೊಡುವುದರಿಂದ ಗೇರ್‌ನಿಂದ 10% ಬಂದರೆ ಸಾಕು; ಅದಕ್ಕಿಂತ ಹೆಚ್ಚಿನದು ವ್ಯರ್ಥ.

ಒಂದು ಎಚ್ಚರಿಕೆ: ಇಗ್ನೈಟ್‌ನ ಥ್ರೆಟ್ (ಬಾಸ್ ಯಾರತ್ತ ತಿರುಗಬೇಕೆಂದು ನಿರ್ಧರಿಸುವ ಲೆಕ್ಕ) ಕೂಡ ಅದನ್ನು ಶುರು ಮಾಡಿದವರಿಗೇ ಸೇರುತ್ತದೆ. ದೂರದಿಂದ ಹೊಡೆಯುವವರ ಥ್ರೆಟ್ ಟ್ಯಾಂಕ್‌ನ (ಬಾಸ್‌ನ ಹೊಡೆತ ತಡೆದುಕೊಳ್ಳುವವರ) ಥ್ರೆಟ್‌ನ 130% ದಾಟಿದರೆ ಬಾಸ್ ಅವರತ್ತ ತಿರುಗುತ್ತದೆ. ಇಗ್ನೈಟ್ ನಿಮ್ಮದಾಗಿದ್ದರೆ ನೀವು ಕೈ ಕಟ್ಟಿ ನಿಂತರೂ ಉಳಿದವರ ಕ್ರಿಟ್‌ಗಳು ನಿಮ್ಮ ಲೆಕ್ಕಕ್ಕೆ ಬೀಳುತ್ತಲೇ ಇರುತ್ತವೆ. 120% ಹತ್ತಿರ ಬಂದಾಗಲೇ ವಾಯ್ಸ್‌ನಲ್ಲಿ ಹೇಳಿ, ಇಗ್ನೈಟ್ ಆರುವವರೆಗೆ ಎಲ್ಲ ಮೇಜ್‌ಗಳೂ ಫೈರ್ ನಿಲ್ಲಿಸಬೇಕು; ಕೊನೆಯ ಕ್ರಿಟ್ ಆದ 4 ಸೆಕೆಂಡ್‌ಗೆ ಅದು ಆರುತ್ತದೆ.