ಹುರುಪೆಗಿಂತ ಮೊದಲು ಎಲುಬು: ಕ್ಲೇಯ ಪುಟ್ಟ ಡ್ರ್ಯಾಗನ್‌ಗೆ ಜೀವ ಬರುವುದು ಹೇಗೆ?

ತಂತಿಯ ಮೇಲೆ ಓವನ್‌ನಲ್ಲಿ ಬೇಯಿಸಿ ಗಟ್ಟಿಮಾಡುವ ಪಾಲಿಮರ್ ಕ್ಲೇ ಹಚ್ಚಿ ಅಂಗೈಯಗಲದ ಡ್ರ್ಯಾಗನ್ ಮಾಡುತ್ತಿದ್ದೀರಿ, ಹುರುಪೆಗಳನ್ನು ಎಷ್ಟೇ ತಾಳ್ಮೆಯಿಂದ ಬಿಡಿಸಿದರೂ ಅದು ಜೀವವಿರುವ ಪ್ರಾಣಿಯಂತೆ ಕಾಣುವುದಿಲ್ಲ, ಮೇಲಾಗಿ ರೆಕ್ಕೆಗಳು ಓವನ್‌ನಲ್ಲಿ ಜೋತುಬೀಳುತ್ತವೆ. ಹಾಗಾದರೆ ಕ್ಲೇಯನ್ನೇ ಬದಲಿಸಬೇಕೇ ಎಂಬುದು ನಿಮ್ಮ ಪ್ರಶ್ನೆ. ರೆಕ್ಕೆಗೆ ಮಾತ್ರ ಬದಲಿಸಿದರೆ ಸಾಕು. ಪ್ರಾಣಿ ನಿರ್ಜೀವವಾಗಿ ಕಾಣುವುದಕ್ಕೂ ಕ್ಲೇಗೂ ಸಂಬಂಧವಿಲ್ಲ. ಆ ಕೊರತೆ ಚರ್ಮದ ಅಡಿಯಲ್ಲಿ, ಎಲುಬಿನ ಜೋಡಣೆಯಲ್ಲಿ ಇರುತ್ತದೆ ಎಂಬುದು ಬಹುಕಾಲದಿಂದ ಇಂಥ ಪ್ರಾಣಿಗಳನ್ನು ಮಾಡುತ್ತಾ ಬಂದಿರುವ ನನ್ನ ದೃಢವಾದ ಅಭಿಪ್ರಾಯ.

ನಾಲ್ಕು ಕಾಲು ಮತ್ತು ಎರಡು ರೆಕ್ಕೆಯ ಡ್ರ್ಯಾಗನ್ ಎಂದರೆ ಆರು ಅವಯವಗಳ ಪ್ರಾಣಿ. ಬೆನ್ನುಮೂಳೆಯುಳ್ಳ ಯಾವ ನೈಜ ಪ್ರಾಣಿಗೂ ಆರು ಅವಯವಗಳಿಲ್ಲ. ಆದ್ದರಿಂದ ಎರಡನೆಯ ಜೊತೆ ಭುಜವನ್ನು ಎಲ್ಲಿ ಕೂರಿಸಬೇಕೆಂಬುದನ್ನು ಶಿಲ್ಪಿಯೇ ನಿರ್ಧರಿಸಬೇಕಾಗುತ್ತದೆ. ರೆಕ್ಕೆಯನ್ನು ಬೆನ್ನಿನ ನಡುವೆ ಸುಮ್ಮನೆ ಅಂಟಿಸಿದರೆ ಅದು ಹಾರಬಲ್ಲ ಅಂಗವೆಂದು ಕಣ್ಣು ಒಪ್ಪುವುದಿಲ್ಲ. ನಾನು ಮುಂಗಾಲಿನ ಭುಜಕ್ಕಿಂತ ತುಸು ಹಿಂದೆ, ತುಸು ಮೇಲೆ ರೆಕ್ಕೆಗೆಂದೇ ಇನ್ನೊಂದು ಹೆಗಲೆಲುಬನ್ನು ಉಬ್ಬಿಸಿ, ಅಲ್ಲಿಂದ ಎದೆಯವರೆಗೆ ದಪ್ಪನೆಯ ಸ್ನಾಯುವನ್ನು ಎಳೆಯುತ್ತೇನೆ, ಏಕೆಂದರೆ ಹಕ್ಕಿಗಳಲ್ಲಿ ರೆಕ್ಕೆ ಬಡಿಯುವ ಬಲವಾದ ಸ್ನಾಯುಗಳು ಇರುವುದು ಎದೆಯಲ್ಲಿ, ಬೆನ್ನಿನಲ್ಲಲ್ಲ. ರೆಕ್ಕೆಯ ಒಳರಚನೆಗೆ ಬಾವಲಿಯ ಚಿತ್ರವನ್ನು ಮುಂದಿಟ್ಟುಕೊಳ್ಳಿ. ಅದರ ರೆಕ್ಕೆ ನಿಜದಲ್ಲಿ ಒಂದು ಕೈ: ಮೊಣಕೈ ಇದೆ, ಮಣಿಕಟ್ಟು ಇದೆ, ಹೆಬ್ಬೆರಳು ಬಿಡಿಯಾಗಿ ಕೊಕ್ಕೆಯಂತೆ ನಿಲ್ಲುತ್ತದೆ, ಉಳಿದ ನಾಲ್ಕು ಬೆರಳುಗಳು ನೀಳವಾಗಿ ಬೆಳೆದು ಪೊರೆಯನ್ನು ಹಿಡಿದಿರುತ್ತವೆ. ಇದೆಲ್ಲ ಹೊರೆಯೆನಿಸಿದರೆ ಎರಡು ಕಾಲು, ಎರಡು ರೆಕ್ಕೆಯ ವೈವರ್ನ್ ಎಂಬ ಬಗೆಯ ಡ್ರ್ಯಾಗನ್‌ನಿಂದ ಆರಂಭಿಸುವುದು ಒಳ್ಳೆಯದು.

ಹಿಂಗಾಲು ಇನ್ನೊಂದು ಮುಖ್ಯ ಜಾಗ. ನಾಯಿ, ಬೆಕ್ಕು, ಕುದುರೆಗಳ ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿಕೊಂಡಂತೆ ಕಾಣುವ ಗಂಟನ್ನು ಬಹಳ ಮಂದಿ ಮೊಣಕಾಲೆಂದು ತಿಳಿಯುತ್ತಾರೆ, ಅದು ಹಿಮ್ಮಡಿ. ನಿಜವಾದ ಮೊಣಕಾಲು ಮೇಲೆ, ಹೊಟ್ಟೆಯ ಪಕ್ಕದಲ್ಲಿ, ಮುಂದಕ್ಕೆ ಬಾಗಿರುತ್ತದೆ. ತೊಡೆ, ಕಣಕಾಲು, ಪಾದ ಎಂಬ ಮೂರು ತುಂಡುಗಳು ಸರಿಯಾದ ಕೋನಗಳಲ್ಲಿ ಮಡಚಿಕೊಂಡ ಕ್ಷಣದಲ್ಲೇ ಬರಿಯ ತಂತಿಗೂ ನೆಗೆಯಲು ಸಿದ್ಧವಾದ ಪ್ರಾಣಿಯ ಭಂಗಿ ಬರುವುದನ್ನು ನೋಡುವುದು ಈ ಹವ್ಯಾಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಡುವ ಸಂಗತಿ. ಗಂಡಭೇರುಂಡವನ್ನು ಮಾಡುವವರಿಗೂ ಪ್ರಶ್ನೆ ಇದೇ ಬಗೆಯದು: ಎರಡು ಕತ್ತುಗಳು ಕವಲೊಡೆಯುವುದು ಎಲ್ಲಿ? ಕವಲನ್ನು ಎದೆಯೊಳಗೇ ಆರಂಭಿಸಿ, ಎರಡೂ ಕತ್ತಿನ ಬುಡ ತನ್ನ ತನ್ನ ಕಡೆಯ ಭುಜಕ್ಕೆ ಇಳಿಯುವಂತೆ ಮಾಡಿದರೆ ಎರಡನೆಯ ತಲೆ ಆಮೇಲೆ ಸೇರಿಸಿದ್ದೆಂದು ತೋರುವುದಿಲ್ಲ.

ಆದ್ದರಿಂದ ಕ್ಲೇ ಮುಟ್ಟುವ ಮೊದಲು ಪ್ರಾಣಿಯ ಪಕ್ಕನೋಟವನ್ನು ಮಾಡಬೇಕಾದ ಅಳತೆಯಲ್ಲೇ ಕಾಗದದ ಮೇಲೆ ಬರೆದು, ತಂತಿಯನ್ನು ಆ ರೇಖೆಗಳ ಮೇಲಿಟ್ಟು ಬಾಗಿಸಿ. ಅಂಗೈಯಗಲದ ಪ್ರಾಣಿಯ ಬೆನ್ನಿಗೆ 1.5ರಿಂದ 2 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಂತಿ, ಕಾಲುಗಳಿಗೆ 1 ಮಿಲಿಮೀಟರ್ ತಂತಿ ಸಾಕಾಗುತ್ತದೆ. ನುಣುಪಾದ ಒಂಟಿ ತಂತಿಯ ಮೇಲೆ ಕ್ಲೇ ಗಿರಗಿರನೆ ತಿರುಗುತ್ತದೆ, ಎರಡು ತೆಳು ತಂತಿಗಳನ್ನು ಹೊಸೆದರೆ ಹಿಡಿದು ನಿಲ್ಲುತ್ತದೆ. ಪಾದಗಳ ಕೆಳಗೆ ತಂತಿಯನ್ನು ಉದ್ದ ಬಿಟ್ಟು ಮರದ ತುಂಡಿನಲ್ಲಿ ನೆಟ್ಟರೆ ಕೆಲಸ ಮುಗಿಯುವವರೆಗೂ ಆ ಮರವನ್ನೇ ಹಿಡಿಯಬಹುದು, ಪ್ರಾಣಿಯನ್ನು ಮುಟ್ಟಬೇಕಾಗಿಲ್ಲ. ಎದೆ, ಹೊಟ್ಟೆ, ತಲೆಗಳ ಒಳಗೆ ಅಲ್ಯೂಮಿನಿಯಂ ಫಾಯಿಲ್ಲನ್ನು ಗಟ್ಟಿಯಾಗಿ ಹಿಸುಕಿ ತುಂಬಿ. ಇದರಿಂದ ಕ್ಲೇ ಉಳಿಯುವುದಷ್ಟೇ ಅಲ್ಲ, ಮೇಲಿನ ಪದರ ಎಲ್ಲೆಡೆ ತೆಳುವಾಗಿದ್ದು ಸಮನಾಗಿ ಬೇಯುತ್ತದೆ.

ಪಾಲಿಮರ್ ಕ್ಲೇಯಲ್ಲಿ ನೀರಿಲ್ಲ. ಅದು ಪಿವಿಸಿ ಎಂಬ ಪ್ಲಾಸ್ಟಿಕ್‌ನ ಪುಡಿ ಮತ್ತು ಅದನ್ನು ಮೆತ್ತಗಿಡುವ ಪ್ಲಾಸ್ಟಿಸೈಜರ್ ಸೇರಿದ ಮಿಶ್ರಣ. ಶಾಖದಲ್ಲಿ ಕಣಗಳು ಬೆಸೆದುಕೊಂಡಾಗ ಗಟ್ಟಿಯಾಗುತ್ತದೆ. ಗಾಳಿಗೆ ಒಣಗುವ ಕ್ಲೇ ನೀರು ಕಳೆದುಕೊಂಡು ಕುಗ್ಗುತ್ತದೆ, ಒಳಗಿನ ತಂತಿ ಕುಗ್ಗುವುದಿಲ್ಲ, ಹಾಗಾಗಿ ಬಿರುಕು ಬಿಡುತ್ತದೆ. ಈ ಕೆಲಸಕ್ಕೆ ಅದನ್ನು ನಾನು ಸೂಚಿಸುವುದಿಲ್ಲ. ಪಾಲಿಮರ್ ಕ್ಲೇ ಬೇಯುವ ಉಷ್ಣತೆ ತಯಾರಿಕೆಗೆ ತಕ್ಕಂತೆ ಸುಮಾರು 110ರಿಂದ 135 ಡಿಗ್ರಿ ಸೆಲ್ಸಿಯಸ್. ಪೊಟ್ಟಣದ ಮೇಲಿನ ಅಂಕಿಯನ್ನೇ ಪಾಲಿಸಿ, ಓವನ್‌ನ ಗುಂಡಿಯನ್ನು ನಂಬದೆ ಒಳಗೊಂದು ಥರ್ಮಾಮೀಟರ್ ಇಡಿ. ಉಷ್ಣತೆ ಮಿತಿಮೀರಿದರೆ ಪಿವಿಸಿ ಒಡೆದು ಕಣ್ಣು ಗಂಟಲು ಉರಿಸುವ ಹೈಡ್ರೋಜನ್ ಕ್ಲೋರೈಡ್ ಹೊರಬರುತ್ತದೆ, ಕಿಟಕಿ ತೆರೆದಿರಲಿ. ಒಮ್ಮೆ ಬೆಂದದ್ದರ ಮೇಲೆ ಹೊಸ ಕ್ಲೇ ಹಚ್ಚಿ ಮತ್ತೆ ಬೇಯಿಸಬಹುದಾದ್ದರಿಂದ ನಾನು ಮೊದಲು ಸ್ನಾಯುಗಳವರೆಗೆ ಮಾಡಿ ಬೇಯಿಸಿ, ಬೆರಳಿನ ಒತ್ತಡಕ್ಕೆ ಜಗ್ಗದ ಆ ದೇಹದ ಮೇಲೆ ಚರ್ಮವನ್ನು ತೆಳುವಾಗಿ ಹಾಸುತ್ತೇನೆ.

ಇನ್ನು ರೆಕ್ಕೆ. ಬೆಸೆದುಕೊಳ್ಳುವ ಮೊದಲು ಪಾಲಿಮರ್ ಕ್ಲೇ ಶಾಖಕ್ಕೆ ಮೆತ್ತಗಾಗುತ್ತದೆ, ತೆಳು ರೆಕ್ಕೆ ಜೋತುಬೀಳುವುದು ಆ ಹೊತ್ತಿನಲ್ಲೇ. ಬೆಂಕಿಯ ಹಂಗಿಲ್ಲದ ಎಪಾಕ್ಸಿ ಪುಟ್ಟಿ ಇಲ್ಲಿಗೆ ತಕ್ಕ ವಸ್ತು. ಗ್ರೀನ್ ಸ್ಟಫ್ ಎಂದು ಕರೆಯುವ ಬಗೆಯಲ್ಲಿ ನೀಲಿ ಮತ್ತು ಹಳದಿ ಭಾಗಗಳನ್ನು ಒಂದೇ ಹಸಿರು ಬಣ್ಣ ಬರುವವರೆಗೆ ನಾದಬೇಕು. ಒಂದು ಗಂಟೆಗೂ ತುಸು ಹೆಚ್ಚು ಕಾಲ ಕೈಗೆ ಬಗ್ಗುತ್ತದೆ, ಆಮೇಲೆ ತಾನಾಗಿ ಗಟ್ಟಿಯಾಗುತ್ತದೆ. ಪೆಟ್ರೋಲಿಯಂ ಜೆಲ್ಲಿ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಅದನ್ನು ಲಟ್ಟಿಸಿ, ಅಂಟು ತಗ್ಗುವವರೆಗೆ ಬಿಟ್ಟು, ಆಕಾರಕ್ಕೆ ಕತ್ತರಿಸಿ ತಂತಿಯ ಬೆರಳುಗಳ ಮೇಲೆ ಹೊದಿಸಿ. ಪೊರೆಯ ಅಂಚು ಒಂದು ಬೆರಳಿನ ತುದಿಯಿಂದ ಇನ್ನೊಂದಕ್ಕೆ ಒಳಬಾಗಿದ ಕಮಾನಿನಂತೆ ಹೋಗಲಿ. ಗಟ್ಟಿಯಾಗದ ಎಪಾಕ್ಸಿ ಚರ್ಮಕ್ಕೆ ಅಲರ್ಜಿ ತರಬಲ್ಲದು, ಆದ್ದರಿಂದ ಕೈಗವಸು ಕಡ್ಡಾಯ. ಮೇಜಿನ ಮೇಲಿನ ಆಟಗಳ ಪುಟ್ಟ ಬೊಂಬೆಗಳಾದ ಮಿನಿಯೇಚರ್‌ಗಳ 28 ಅಥವಾ 32 ಮಿಲಿಮೀಟರ್ ಅಳತೆಗೆ (ಮನುಷ್ಯನ ಬೊಂಬೆ ಸುಮಾರು ಅಷ್ಟು ಎತ್ತರವಿರುವ ಅಳತೆ) ಇಳಿದರೆ ಇಡೀ ಪ್ರಾಣಿಯನ್ನೇ ಪುಟ್ಟಿಯಲ್ಲಿ ಮಾಡುವುದು ಲೇಸು.

ಹುರುಪೆಗಳನ್ನು ಕೊನೆಗೆ ಬಿಡಿಸಿ, ಎಲ್ಲೆಡೆ ಒಂದೇ ಗಾತ್ರದಲ್ಲಿ ಬೇಡ. ಕಣ್ಣಿನ ಸುತ್ತ ಮತ್ತು ಕೀಲುಗಳಲ್ಲಿ ಸಾಸಿವೆಗಿಂತ ಚಿಕ್ಕವು, ಬೆನ್ನಿನ ಮೇಲೆ ದೊಡ್ಡವು, ಹೊಟ್ಟೆಯಡಿ ಅಡ್ಡ ಪಟ್ಟಿಗಳು. ಕಂಕುಳಲ್ಲಿ ಹುರುಪೆಯೇ ಇಲ್ಲದೆ ಬರಿಯ ಸುಕ್ಕು. ಬಣ್ಣಕ್ಕೆ ಅಕ್ರಿಲಿಕ್ ಸಾಕು. ಬಣ್ಣಕ್ಕೆ ಮೊದಲು ಹೊಡೆಯುವ ಕೆಲವು ಸ್ಪ್ರೇ ಪ್ರೈಮರ್‌ಗಳು ಪಾಲಿಮರ್ ಕ್ಲೇಯ ಮೇಲೆ ಒಣಗದೆ ಅಂಟಂಟಾಗಿಯೇ ಉಳಿಯುವುದರಿಂದ ಬೇಯಿಸಿದ ಚೂರೊಂದರ ಮೇಲೆ ಮೊದಲು ಪರೀಕ್ಷಿಸಿ.

ಈಗ ನಿಮ್ಮ ಕೈಯಲ್ಲಿರುವ ಡ್ರ್ಯಾಗನ್ ಅನ್ನು ಎಸೆಯಬೇಡಿ. ಜೋತುಬಿದ್ದ ರೆಕ್ಕೆಗಳನ್ನು ಬುಡದಲ್ಲಿ ಕತ್ತರಿಸಿ, ಬೆಂದ ದೇಹದಲ್ಲಿ ಕೈಡ್ರಿಲ್‌ನಿಂದ ರಂಧ್ರ ಕೊರೆದು ಹೊಸ ತಂತಿಯನ್ನು ಅಂಟಿನೊಡನೆ ಕೂರಿಸಿ, ಅದರ ಸುತ್ತ ಎಪಾಕ್ಸಿ ಪುಟ್ಟಿಯಲ್ಲಿ ಹೆಗಲೆಲುಬನ್ನೂ ಎದೆಯವರೆಗಿನ ಸ್ನಾಯುವನ್ನೂ ಕಟ್ಟಿ. ಅದು ರಾತ್ರಿಯಿಡೀ ಗಟ್ಟಿಯಾದ ಮೇಲೆ ಪೊರೆ ಹೊದಿಸಬಹುದು.