ಮಂಟಪದ ದರ ಇಳಿಸುವ ವಿಚಾರಕ್ಕೆ

ವಿಜಯಪುರದಲ್ಲಿ ಮದುವೆ ಮಂಟಪ ಅಲಂಕರಿಸುತ್ತೀರಿ, ಹೊಸಬರು ಕಡಿಮೆಗೆ ಒಪ್ಪಿಕೊಳ್ಳುತ್ತಿದ್ದಾರೆ, ನಾನೂ ದರ ಇಳಿಸಲೇ ಎಂದು ಕೇಳಿದ್ದೀರಿ. ಬೇಡ ಅಕ್ಕಾ. ಬಾಗಲಕೋಟೆಯಲ್ಲಿ ನನ್ನದೂ ಇದೇ ಕೆಲಸ. ಒಮ್ಮೆ ಹೆದರಿ 40,000 ರೂಪಾಯಿಯ ಕೆಲಸವನ್ನು 28,000ಕ್ಕೆ ಮಾಡಿಕೊಟ್ಟೆ. ಆಮೇಲೆ ಆ ಮನೆಯ ಬೀಗರೆಲ್ಲ ಅದೇ ದರ ಹಿಡಿದುಕೊಂಡು ಬಂದರು! ಗಿರಾಕಿ ಚೌಕಾಸಿಗೆ ಇಳಿದರೆ ಹಣ ಬಿಡಬೇಡಿ, ಬಾಗಿಲಿನ ಹೂವಿನ ಕಮಾನನ್ನು ಪಟ್ಟಿಯಿಂದ ತೆಗೆಯಿರಿ. ಆಗ ಕಮಾನೇ ಬೇಕೆಂದು ಹಟ ಹಿಡಿಯುವವರೇ ಹೆಚ್ಚು.

ನೀವು ಹಾಕಿರುವ ಫೋಟೊಗಳಲ್ಲಿ ಎಲ್ಲ ಊರಿನಲ್ಲೂ ಸಿಗುವ ಬಿಳಿ ಪರದೆ, ಪ್ಲಾಸ್ಟಿಕ್ ಗುಲಾಬಿಯೇ ಇವೆ. ಪಕ್ಕದ ಜಿಲ್ಲೆಯಲ್ಲೇ ಗುಳೇದಗುಡ್ಡದ ಖಣವಿದೆ, ಇಳಕಲ್ ಸೀರೆಯಿದೆ. ಎರಡಕ್ಕೂ ಭೌಗೋಳಿಕ ಸೂಚಕ ಮಾನ್ಯತೆ, ಅಂದರೆ ಆ ಊರಿನದೇ ವಿಶೇಷ ಎಂಬ ಅಧಿಕೃತ ಗುರುತು ಸಿಕ್ಕಿದೆ. ಮಂಟಪದ ಹಿಂಬದಿಗೆ ಖಣ ಕಟ್ಟಿ ನೋಡಿ. ಕುಪ್ಪಸಕ್ಕೆಂದು ನೇಯುವ ಬಟ್ಟೆಯಾದ್ದರಿಂದ ಅಗಲ ಕಡಿಮೆ, ತುಂಡುಗಳನ್ನು ಜೋಡಿಸಿ ಹೊಲಿಸಬೇಕು. ಆದರೆ ಒಮ್ಮೆ ಹೊಲಿಸಿದರೆ ಹತ್ತಾರು ಮದುವೆಗೆ ಬರುತ್ತದೆ. ನಿಮ್ಮ ಫಲಕ ಕಾಣದಿದ್ದರೂ ಫೋಟೊ ನೋಡಿದವರು ನಿಮ್ಮನ್ನು ಗುರುತಿಸುತ್ತಾರೆ.

ಆಷಾಢದಲ್ಲಿ ಹೇಗೂ ಮದುವೆಗಳಿರುವುದಿಲ್ಲ. ಆಗ ಅಂಗಳದಲ್ಲೇ ಕಟ್ಟಿ, ಬೆಳಗಿನ ಬಿಸಿಲಿನಲ್ಲಿ ಫೋಟೊ ತೆಗೆಸಿಡಿ. ಮುಂಗಡದ ರಸೀದಿಯನ್ನಂತೂ ಸಂಬಂಧಿಕರಾದರೂ ಮೊದಲ ದಿನವೇ ಬರೆದುಕೊಡಿ.