ಬಿಎ ಭೂಗೋಳ ಮುಗಿಸಿದ್ದೇನೆ. ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ ಲೆಕ್ಕ ಹಾಕುವುದು) ಮೈಕ್ರೋಕ್ರೆಡೆನ್ಶಿಯಲ್ (ಚಿಕ್ಕ ಸರ್ಟಿಫಿಕೇಟ್ ಕೋರ್ಸ್) ಮಾಡಿದರೆ ಕೆಲಸ ಸಿಗುತ್ತಾ? ಯಾವ ಕಾಲೇಜಿನದಕ್ಕೆ ಬೆಲೆ ಜಾಸ್ತಿ?

ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಓಡಾಡಿದವನೇ. ಕೊನೆಗೆ ಮನೆಯಲ್ಲಿ ದುಡ್ಡು ಕೇಳಿ ಒಂದು ಕಾಲೇಜಿನ ಕೋರ್ಸ್ ಸೇರಿದೆ. ವಾರಾಂತ್ಯದ ಕ್ಲಾಸು, ಒಂದು ಪ್ರಾಜೆಕ್ಟು, ಮುಗಿದ ಮೇಲೆ ಡಿಜಿಟಲ್ ಬ್ಯಾಡ್ಜು. ಅದನ್ನು ನೋಡಿ ಬೆಂಗಳೂರಿನ ಸರ್ವೆ ಕಂಪನಿಯೊಂದು ಇಂಟರ್‌ವ್ಯೂಗೆ ಕರೆದದ್ದೂ ನಿಜ.

ಅಲ್ಲಿ ಒಂದು ಲ್ಯಾಪ್‌ಟಾಪ್ ಮುಂದೆ ಕೂರಿಸಿದರು. ಕ್ಯೂಜಿಐಎಸ್ ಅನ್ನುವ ನಕ್ಷೆಯ ಸಾಫ್ಟ್‌ವೇರ್‌ನಲ್ಲಿ ನಗರದ ಕೆರೆಗಳ ಲೇಯರ್, ಅಂದರೆ ನಕ್ಷೆಯ ಒಂದು ಪದರ, ಇತ್ತು. ಪ್ರತಿ ಕೆರೆಗೂ 30 ಮೀಟರ್ ಬಫರ್, ಅಂದರೆ ಸುತ್ತ ಅಷ್ಟು ದೂರದ ಗಡಿ, ಹಾಕಿ, ಎಷ್ಟು ಹೆಕ್ಟೇರ್ ಬರುತ್ತೆ ಹೇಳಿ ಅಂದರು. ಇಷ್ಟೇನಾ ಅಂದುಕೊಂಡೆ.

ಬಫರ್ ಟೂಲ್ ತೆರೆದರೆ ದೂರದ ಪಕ್ಕ ಮೀಟರ್ ಬದಲು ಡಿಗ್ರಿ ಅಂತ ತೋರಿಸುತ್ತಿತ್ತು. ಜೊತೆಗೆ ಹಳದಿ ತ್ರಿಕೋನದ ಎಚ್ಚರಿಕೆ. ಲೇಯರ್ ಇದ್ದದ್ದು 4326 ಅನ್ನುವ ನಿರ್ದೇಶಾಂಕ ಪದ್ಧತಿಯಲ್ಲಿ, ಅಂದರೆ ಅಕ್ಷಾಂಶ ರೇಖಾಂಶದ ಡಿಗ್ರಿಗಳಲ್ಲಿ. ಒಂದು ಡಿಗ್ರಿ ಅಂದರೆ ಸುಮಾರು 111 ಕಿಲೋಮೀಟರ್. ಹಾಗೇ 30 ಕೊಟ್ಟರೆ ಇಡೀ ದೇಶ ಬಫರ್ ಒಳಗೆ ಬರುತ್ತದೆ. ಇಷ್ಟು ನನಗೆ ಗೊತ್ತಿತ್ತು. ನಾನು ಎಡವಿದ್ದು ಆಮೇಲೆ. ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ, 'ಸೆಟ್ ಲೇಯರ್ ಸಿಆರ್‌ಎಸ್' (ಸಿಆರ್‌ಎಸ್ ಅಂದರೆ ಈ ನಿರ್ದೇಶಾಂಕ ಪದ್ಧತಿಯೇ) ಒತ್ತಿ, ಮೀಟರಿನಲ್ಲಿ ಅಳೆಯುವ 32643 ಆರಿಸಿದೆ. ತ್ರಿಕೋನ ಮಾಯ! ಡಿಗ್ರಿ ಹೋಗಿ ಮೀಟರ್ ಬಂತು. ಬಫರ್ ಓಡಿಸಿದೆ.

ಇದು ಉಪ್ಪಿನ ಡಬ್ಬಿಗೆ ಸಕ್ಕರೆ ಅಂತ ಚೀಟಿ ಅಂಟಿಸಿದ ಹಾಗೆ. ಒಳಗಿನ ಅಂಕಿ ಒಂದೂ ಬದಲಾಗಿಲ್ಲ. ರೇಖಾಂಶ 77.66 ಡಿಗ್ರಿ ಇದ್ದದ್ದನ್ನು ಸಾಫ್ಟ್‌ವೇರ್ 77.66 ಮೀಟರ್ ಅಂತ ಓದಿಕೊಂಡಿತು. ಬೆಂಗಳೂರಿನ ಕೆರೆಗಳೆಲ್ಲ ಮಾಲ್ಡೀವ್ಸ್‌ನಿಂದಾಚೆ ಪಶ್ಚಿಮಕ್ಕೆ, ಸಮಭಾಜಕ ವೃತ್ತದ ಹತ್ತಿರ ಸಮುದ್ರಕ್ಕೆ ಬಿದ್ದವು. ಅರ್ಧ ಕಿಲೋಮೀಟರ್ ಅಗಲದ ಕೆರೆ ಅರ್ಧ ಸೆಂಟಿಮೀಟರ್ ಆಯಿತು. ಅದರ ಸುತ್ತ 30 ಮೀಟರ್ ಎಳೆದರೆ ಬರುವುದು ಬರೀ ಒಂದು ವೃತ್ತ. ಟೇಬಲ್ ತೆರೆದರೆ ಎಲ್ಲ ಸಾಲಿನಲ್ಲೂ 0.28 ಹೆಕ್ಟೇರ್. ನಾನು ಅದನ್ನೇ ಓದಿ ಹೇಳಿದೆ!

"ಬೆಳ್ಳಂದೂರು ಕೆರೆಗೂ 0.28, ಈ ಸಣ್ಣ ಕುಂಟೆಗೂ 0.28. ಅದು ಹೇಗ್ರೀ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೆಲಸವೂ ಸಿಗಲಿಲ್ಲ.

ಮಾಡಬೇಕಿದ್ದದ್ದು 'ರೀಪ್ರೊಜೆಕ್ಟ್ ಲೇಯರ್'. ಅದು ಅಂಕಿಗಳನ್ನೇ ಹೊಸದಾಗಿ ಲೆಕ್ಕ ಹಾಕಿ ಬೇರೆ ಲೇಯರ್ ಕೊಡುತ್ತದೆ. ಕೆಳಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಉಚಿತ ನಕ್ಷೆ ಹಾಕಿಕೊಂಡಿದ್ದರೂ ಸಮುದ್ರ ಕಂಡು ಎಚ್ಚರವಾಗುತ್ತಿತ್ತು. ಕೋರ್ಸಿನಲ್ಲಿ ನಮಗೆ ಕೊಟ್ಟ ಡೇಟಾ ಎಲ್ಲ ಮೊದಲೇ 32643ಕ್ಕೆ ತಂದಿಟ್ಟದ್ದು. ಹಾಗಾಗಿ ಈ ತೊಂದರೆ ಎದುರಾಗಲೇ ಇಲ್ಲ.

ಅದಕ್ಕೇ ಯಾವ ಕಾಲೇಜಿನದಕ್ಕೆ ಬೆಲೆ ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಬ್ಯಾಡ್ಜಿನಿಂದ ಕರೆ ಬರುತ್ತದೆ, ಅಷ್ಟೇ. ಬರೀ ಸರ್ಟಿಫಿಕೇಟ್ ಬೇಕಿದ್ದರೆ ಡೆಹ್ರಾಡೂನಿನ ಐಐಆರ್‌ಎಸ್, ಅಂದರೆ ಇಸ್ರೋದ ಸಂಸ್ಥೆಯೇ, ಆನ್‌ಲೈನಿನಲ್ಲಿ ಉಚಿತ ಕೋರ್ಸ್ ನಡೆಸುತ್ತದೆ. ದುಡ್ಡು ಕೊಟ್ಟೇ ಸೇರುವುದಾದರೆ ಮೊದಲು ಒಂದು ಮಾತು ಕೇಳಿ: ಡೇಟಾ ನೀವೇ ತಯಾರು ಮಾಡಿ ಕೊಡ್ತೀರಾ, ನಾವೇ ಹುಡುಕಿ ಸರಿ ಮಾಡಿಕೊಳ್ಳಬೇಕಾ? ಮೊದಲನೆಯದಾದರೆ ಸುಮ್ನೆ ವಾಪಸ್ ಬನ್ನಿ. ದುಡ್ಡು ಕೊಟ್ಟು ಕೊಳ್ಳುವ ಆರ್ಕ್‌ಜಿಐಎಸ್ಸಾ ಕ್ಯೂಜಿಐಎಸ್ಸಾ ಅಂತ ತಲೆ ಕೆಡಿಸಿಕೊಳ್ಳಬೇಡಿ. ಕ್ಯೂಜಿಐಎಸ್ ಉಚಿತ, ಇವತ್ತೇ ಹಾಕಿಕೊಳ್ಳಿ.

ನಿಮ್ಮೂರಿನ ಕೆರೆಯಿಂದಲೇ ಶುರು ಮಾಡಿ. ಕರ್ನಾಟಕದ ಹೆಚ್ಚಿನ ಭಾಗಕ್ಕೆ 32643 ಸರಿ. ಕೋಲಾರ, ಮುಳಬಾಗಿಲು ಕಡೆಯವರಾದರೆ ಮಾತ್ರ 32644. 78 ಡಿಗ್ರಿ ರೇಖಾಂಶ ದಾಟಿದರೆ ವಲಯ ಬದಲಾಗುತ್ತದೆ.